ಕೀಲಿ ತಿರುಗಿದರೂ ಚಲಿಸದ ಲಾರಿ

ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಏನಾದರೂ ಕೆಟ್ಟಾಗ ನಮ್ಮ ಕಣ್ಣು ಮೊದಲು ಎತ್ತ ಹೊರಳುತ್ತದೆ? ಕೆಟ್ಟ ವಸ್ತುವಿನತ್ತಲೋ, ಹತ್ತಿರ ನಿಂತ ಮನುಷ್ಯನತ್ತಲೋ? ಈ ಪ್ರಶ್ನೆ ನನ್ನನ್ನು ಕಾಡಲಾರಂಭಿಸಿದ್ದು ಕೆಲವು ವರ್ಷಗಳ ಹಿಂದೆ, ಒಂದು ಹಳೆಯ ಲಾರಿಯ ಪಕ್ಕದಲ್ಲಿ ನಿಂತಿದ್ದಾಗ.

ಚಿತ್ರದುರ್ಗದಿಂದ ಹಿರಿಯೂರಿಗೆ ಹೊರಟಿದ್ದೆ. ಈ ಹೆದ್ದಾರಿಯನ್ನು ನೀವೆಲ್ಲ ಬಲ್ಲಿರಿ. ಹಿಂದೆ 4 ಎಂಬ ಸಂಖ್ಯೆಯಿತ್ತು, ಈಗ 48. ಐಮಂಗಲ ದಾಟಿದ ಮೇಲೆ, ರಸ್ತೆಯ ಅಂಚಿನಲ್ಲಿ ಈರುಳ್ಳಿ ತುಂಬಿದ ಲಾರಿಯೊಂದು ನಿಂತಿತ್ತು. ಬೆಳಿಗ್ಗೆ ಚಹಾ ಕುಡಿಯಲೆಂದು ನಿಲ್ಲಿಸಿದ್ದು, ಮತ್ತೆ ಹೊರಟಿರಲಿಲ್ಲ. ಮಳೆಗಾಲದ ಹಸಿ ಈರುಳ್ಳಿ. ಟಾರ್ಪಾಲಿನ ಕೆಳಗೆ ಬೆವರಿದರೆ ಕೊಳೆಯಲು ಹೆಚ್ಚು ಹೊತ್ತು ಬೇಡ. ಬೆಂಗಳೂರಿನ ಮಾರುಕಟ್ಟೆ ಕಾಯುವುದಿಲ್ಲ. ಆ ಮೂಟೆಗಳಲ್ಲಿ ಯಾವುದೋ ರೈತ ಕುಟುಂಬದ ನಾಲ್ಕು ತಿಂಗಳ ಬೆವರಿತ್ತು.

ಚಾಲಕ ಕ್ಲೀನರ್ ಹುಡುಗನ ಮೇಲೆ ಹರಿಹಾಯುತ್ತಿದ್ದ. “ರಾತ್ರಿಯೆಲ್ಲ ಲೈಟು ಹಾಕ್ಕೊಂಡು ಮಲಗಿದ್ದಾನೆ ಫಾದರ್, ಬ್ಯಾಟರಿ ಸತ್ತೋಗಿದೆ. ಈ ಸಲದ ಬತ್ತ ಕೊಡಲ್ಲ ಇವನಿಗೆ” ಎಂದ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನಾನು ಅವನನ್ನು ಏನೂ ಕೇಳಲಿಲ್ಲ. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು: ಅವನ ಮೌನವನ್ನೇ ತಪ್ಪೊಪ್ಪಿಗೆ ಎಂದು ನಾನೂ ಭಾವಿಸಿದೆ. ಹಿರಿಯೂರಿಗೆ ಹೋಗಿ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ.

ಅವರು ಯಾರನ್ನೂ ಬೈಯಲಿಲ್ಲ, ಯಾವ ಭಾಗವನ್ನೂ ಬದಲಿಸಿ ಎನ್ನಲಿಲ್ಲ. ಮೊದಲು ಹೆಡ್‌ಲೈಟು ಹಾಕಿಸಿ ಕೀಲಿ ತಿರುಗಿಸಲು ಹೇಳಿದರು. ದೀಪ ಪ್ರಖರವಾಗಿಯೇ ಉಳಿಯಿತು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಮೋಟಾರು ಎಳೆಯುವಾಗ ದೀಪ ಮಂಕಾಗಬೇಕಿತ್ತು. ಇಲ್ಲಿ ಮೋಟಾರು ಕರೆಂಟನ್ನು ಎಳೆಯುತ್ತಲೇ ಇರಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್ ಬ್ರೇಕ್ ಬಿಗಿಯಾಗಿದೆಯೇ ಎಂದು ನೋಡಿ, ಸೆಲ್ಫ್ ಮೋಟಾರಿನ ದಪ್ಪ ತಂತಿಯ ತುದಿಯಿಂದ ಸಣ್ಣ ತಂತಿಯ ತುದಿಗೆ ಒಂದು ಕ್ಷಣ ಸಂಪರ್ಕ ಕೊಟ್ಟರು. ಮೋಟಾರು ಗರಗರ ತಿರುಗಿತು. ಅಂದರೆ ಬ್ಯಾಟರಿಯೂ ಸರಿ, ಮೋಟಾರೂ ಸರಿ. ಕೀಲಿಯಿಂದ ಮೋಟಾರಿಗೆ ಅಪ್ಪಣೆ ಒಯ್ಯುವ ದಾರಿಯಲ್ಲಿ ಎಲ್ಲೋ ತಡೆಯಿತ್ತು.

ಸ್ಟೇರಿಂಗ್ ಕಂಬದ ಹೊದಿಕೆ ಬಿಚ್ಚಿದರು. ಕೀಲಿಯ ಹಿಂದಿನ ಸ್ವಿಚ್ಚಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ, ಒಳಬರುವ ತಂತಿಯಲ್ಲಿ ದೀಪ ಉರಿಯಿತು. ಕೀಲಿ ತಿರುಗಿಸಿದರೂ ಹೊರಹೋಗುವ ತಂತಿಯಲ್ಲಿ ಉರಿಯಲಿಲ್ಲ. ಒಳಗಿನ ಸಂಪರ್ಕ ಸವೆದುಹೋಗಿತ್ತು. ಹುಡುಗನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಆಮೇಲೆ ಅವರು ತೋರಿಸಿದ್ದು ಇನ್ನೂ ಗಂಭೀರವಾದುದು. ಕೀಲಿಯನ್ನು ಚಾಲನೆಯ ಸ್ಥಾನದಲ್ಲಿಟ್ಟು ಮೆಲ್ಲಗೆ ಎಳೆದರು. ಅದು ಕೈಗೇ ಬಂತು. ಹಾಗೆ ಬರಬಾರದು. ಕೀಲಿ ತೆಗೆದಾಗ ಒಂದು ಉಕ್ಕಿನ ಗೂಟ ಸ್ಟೇರಿಂಗಿನ ದಂಡದ ಗಾಡಿಗೆ ಬಿದ್ದು ಚಕ್ರವನ್ನು ಬಿಗಿಹಿಡಿಯುತ್ತದೆ. ಕಳ್ಳರಿಂದ ಕಾಪಾಡಲು ಮಾಡಿದ ಬೀಗ ಅದು. ಬೀಗ ಸವೆದು, ಓಡುವ ಲಾರಿಯಲ್ಲೇ ಆ ಗೂಟ ಬಿದ್ದರೆ? “ಲಾರಿ ನಿಂತಿದ್ದು ದೊಡ್ಡದಲ್ಲ ಅಣ್ಣಾ, ಇಷ್ಟು ದಿನ ಓಡಿದ್ದೇ ದೊಡ್ಡದು” ಎಂದರು.

ಚಾಲಕನಿಗೆ ಅವಸರ. “ಡೈರೆಕ್ಟ್ ಮಾಡಿಬಿಡಿ” ಎಂದ. ಓದುಗರೇ, ನಮ್ಮ ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ತಂತಿಗಳನ್ನು ನೇರ ಜೋಡಿಸಿದರೆ ಲಾರಿ ಹೊರಡುತ್ತದೆ, ಈರುಳ್ಳಿ ಉಳಿಯುತ್ತದೆ. ಆದರೆ ಗೂಟ ಅಲ್ಲೇ ಇರುತ್ತದೆ. ಹೊಸ ಬೀಗ ಬರುವವರೆಗೆ ಕಾದರೆ ರೈತನಿಗೆ ನಷ್ಟ. ಮೆಕ್ಯಾನಿಕ್ ಮೂರನೆಯ ದಾರಿ ಹಿಡಿದರು. ಬ್ಯಾಟರಿಯ ತಂತಿ ಕಳಚಿ, ಬೀಗವನ್ನು ಸ್ಟೇರಿಂಗ್ ಕಂಬದಿಂದ ಪೂರ್ತಿಯಾಗಿ ತೆಗೆದುಹಾಕಿದರು. ಬಳಿಕ ಫ್ಯೂಸ್ ಸಹಿತ ಬೇರೆ ಸ್ವಿಚ್ಚು, ಒತ್ತುವ ಗುಂಡಿ ಅಳವಡಿಸಿದರು. ಮಾಲೀಕನಿಗೆ ಫೋನ್ ಮಾಡಿಸಿ, ಏನು ತೆಗೆದೆ, ಏನು ಹಾಕಿದೆ, ಏಕೆ, ಲಾರಿಗೆ ಈಗ ಬೀಗವಿಲ್ಲ ಎಂಬುದನ್ನೆಲ್ಲ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟರು.

ತಾತ್ಕಾಲಿಕ ಪರಿಹಾರ ತಪ್ಪಲ್ಲ, ಮುಚ್ಚಿಟ್ಟ ಪರಿಹಾರ ತಪ್ಪು ಎಂದು ನಾನು ಅಂದು ಕಲಿತೆ. ಇದರ ವಿರುದ್ಧ ನಡೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ದೊಡ್ಡ ನಿದರ್ಶನವೇ ಇದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕೆಲವು ಕಾರುಗಳಲ್ಲಿ ಕೀಲಿಯ ಸ್ವಿಚ್ಚು ಸಡಿಲವಾಗಿತ್ತು. ಓಡುವಾಗಲೇ ಕೀಲಿ ಜಾರಿ ಎಂಜಿನ್ ನಿಲ್ಲುತ್ತಿತ್ತು. ಅಪಘಾತವಾದರೆ ಗಾಳಿಚೀಲ ತೆರೆಯುತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚಿನ ವಿನ್ಯಾಸ ತಿದ್ದಲಾಯಿತು, ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹೀಗಾಗಿ ಹಳೆಯದು ಯಾವುದು, ತಿದ್ದಿದ್ದು ಯಾವುದು ಎಂದು ಹೊರಗಿನವರಿಗೆ ತಿಳಿಯಲಿಲ್ಲ. ಹಳೆಯ ಕಾರುಗಳು ರಸ್ತೆಯಲ್ಲೇ ಉಳಿದವು. ಅವುಗಳನ್ನು ಹಿಂದಕ್ಕೆ ಕರೆದದ್ದು 2014ರಲ್ಲಿ. ಸಂಸ್ಥೆಯ ಪರಿಹಾರ ನಿಧಿಯೇ 124 ಸಾವುಗಳನ್ನು ಇದರ ಲೆಕ್ಕಕ್ಕೆ ಒಪ್ಪಿಕೊಂಡಿತು. ಅಲ್ಲಿಯೂ ಅಪಘಾತವಾದಾಗ ಮೊದಲು ಬೆರಳು ಹೋದದ್ದು ಚಾಲಕರತ್ತ. ತನ್ನ ತಪ್ಪೇ ಎಂದು ವರ್ಷಗಟ್ಟಲೆ ನಂಬಿ ನೊಂದವರಿದ್ದರು.

ನಮ್ಮ ಮನೆಗಳಲ್ಲಿಯೂ ಇದೇ ನಡೆಯುವುದಿಲ್ಲವೇ? ಮಗ ಪರೀಕ್ಷೆಯಲ್ಲಿ ಸೋತರೆ ‘ಸೋಮಾರಿ’ ಎನ್ನುತ್ತೇವೆ. ಅವನಿಗೆ ಕರಿಹಲಗೆಯ ಅಕ್ಷರ ಕಾಣುತ್ತಿದೆಯೇ ಎಂದು ವಿಚಾರಿಸುವುದಿಲ್ಲ. ಮನೆಯಲ್ಲಿ ಹಣ ಕಾಣದಿದ್ದರೆ ಕೆಲಸದವಳ ಮುಖ ನೋಡುತ್ತೇವೆ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಹಬ್ಬದ ದಿನ ಒಂದು ‘ಡೈರೆಕ್ಟ್’ ಜೋಡಣೆ ಮಾಡಿ ಊಟಕ್ಕೆ ಕೂರಿಸುತ್ತೇವೆ. ಒಳಗಿನ ಗೂಟವನ್ನು ಯಾರೂ ಮುಟ್ಟುವುದಿಲ್ಲ. ಮುಂದೊಂದು ತಿರುವಿನಲ್ಲಿ ಅದು ಬಿದ್ದೇ ಬೀಳುತ್ತದೆ.

ಯಂತ್ರದ ದೋಷ ಹುಡುಕಲು ಒಂದು ಕ್ರಮವಿದೆ: ಸರಿಯಿರುವುದನ್ನು ಒಂದೊಂದಾಗಿ ಸರಿಯೆಂದು ಒಪ್ಪಿಕೊಳ್ಳುತ್ತ ಹೋಗಬೇಕು. ಮನುಷ್ಯರ ವಿಷಯದಲ್ಲಿ ನಾವು ಆ ತಾಳ್ಮೆಯನ್ನು ತೋರುವುದಿಲ್ಲ. ಬಲಹೀನನ ಮೇಲೆ ದೋಷ ಹೊರಿಸುವುದು ಸುಲಭ, ಏಕೆಂದರೆ ಅವನು ವಾದಿಸುವುದಿಲ್ಲ. ಆದರೆ ಅವನ ಮೌನ ಸಾಕ್ಷಿಯಲ್ಲ.

ಲಾರಿ ಹೊರಡುವ ಮುನ್ನ ಚಾಲಕ ಕ್ಷಮೆ ಕೇಳಲಿಲ್ಲ. ಪಕ್ಕದ ಅಂಗಡಿಯಿಂದ ಎರಡು ಚಹಾ ತಂದು ಒಂದನ್ನು ಹುಡುಗನ ಕೈಗಿಟ್ಟ, ಅಷ್ಟೆ. ಬತ್ತ ಕೊಟ್ಟನೋ ಇಲ್ಲವೋ ತಿಳಿಯದು. ನಾನು ಹುಡುಗನ ಬಳಿ ಹೋಗಿ, “ನಿನ್ನನ್ನು ಒಂದು ಮಾತು ಕೇಳಬೇಕಿತ್ತಪ್ಪ, ಕೇಳಲಿಲ್ಲ” ಎಂದೆ. ಅವನು, “ಕೇಳಿದ್ರೆ ಹೇಳ್ತಿದ್ದೆ ಫಾದರ್, ನಾನು ಲೈಟೇ ಹಾಕಿರಲಿಲ್ಲ” ಎಂದ.

ಕೇಳಲು ನನಗೆ ಒಂದು ನಿಮಿಷವೂ ಬೇಕಿರಲಿಲ್ಲ. ಓದುಗರೇ, ನಿಮ್ಮ ಮನೆಯಲ್ಲಿಯೂ ನೀವು ಕೇಳದೆ ಉಳಿಸಿದ ಅಂಥ ಒಂದು ಮಾತು ಇದ್ದರೆ, ಇಂದು ಸಂಜೆಯೇ ಕೇಳಿಬಿಡಿ.