ಗೊತ್ತಿದ್ದವರು ಸುಮ್ಮನಿದ್ದಾಗ

2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಹೆಲ್ತ್‌ಕೇರ್.ಗವ್ ಜಾಲತಾಣವನ್ನು ಜನರಿಗೆ ತೆರೆಯಿತು. ಒಬಾಮಾ ಕಾಲದ ಹೊಸ ಕಾಯ್ದೆಯಡಿ 36 ರಾಜ್ಯಗಳ ಜನ ಆರೋಗ್ಯ ವಿಮೆ ಕೊಳ್ಳಬೇಕಾದದ್ದು ಇದರ ಮೂಲಕವೇ. ಲಕ್ಷಗಟ್ಟಲೆ ಜನ ಬಂದರು, ತಾಣ ಕುಸಿಯಿತು. ಮೊದಲ ದಿನ ಕೊನೆಯವರೆಗೂ ಹೋಗಿ ವಿಮೆ ಪಡೆದವರು ಆರೇ ಆರು ಮಂದಿ.

ಕೆಲಸವನ್ನು 55 ಗುತ್ತಿಗೆ ಸಂಸ್ಥೆಗಳಿಗೆ ಹಂಚಲಾಗಿತ್ತು. ಬಳಕೆದಾರರ ಕಣ್ಣಿಗೆ ಬೀಳುವ ಭಾಗ ಒಬ್ಬರದು, ಆದಾಯ ಮತ್ತು ಪೌರತ್ವದ ವಿವರಗಳನ್ನು ಸರ್ಕಾರಿ ಇಲಾಖೆಗಳಿಂದ ತರಿಸುವ ಡೇಟಾ ಹಬ್ ಇನ್ನೊಬ್ಬರದು. ಎಲ್ಲವನ್ನೂ ಜೋಡಿಸುವ ಹೊಣೆ ಹೊತ್ತದ್ದು ಮೆಡಿಕೇರ್ ಯೋಜನೆ ನಡೆಸುವ ಸರ್ಕಾರಿ ಸಂಸ್ಥೆ. ಇಷ್ಟು ದೊಡ್ಡ ಸಾಫ್ಟ್‌ವೇರ್ ಜೋಡಣೆ ಅದರ ಕಸುಬಾಗಿರಲಿಲ್ಲ. ದಿನಾಂಕ ಮಾತ್ರ ಕದಲುವಂತಿರಲಿಲ್ಲ, ಆದರೆ ಏನು ಕಟ್ಟಬೇಕೆಂಬುದು ಬದಲಾಗುತ್ತಲೇ ಇತ್ತು. ವಿಮೆಯ ದರ ನೋಡುವುದಕ್ಕೂ ಮೊದಲೇ ಖಾತೆ ತೆರೆಯಬೇಕೆಂಬ ತೀರ್ಮಾನವೂ ತಡವಾಗಿ ಬಂದದ್ದೇ. ಸುಮ್ಮನೆ ನೋಡಿಹೋಗೋಣ ಎಂದು ಬಂದವರೂ ಅದರಿಂದಾಗಿ ನೋಂದಣಿಯಲ್ಲೇ ಸಿಕ್ಕಿಕೊಂಡರು. ಉದ್ಘಾಟನೆಗೆ ಕೆಲವೇ ದಿನ ಮುಂಚೆ ನಡೆದ ಪರೀಕ್ಷೆಯಲ್ಲಿ ಕೆಲವು ನೂರು ಬಳಕೆದಾರರ ಭಾರಕ್ಕೇ ವ್ಯವಸ್ಥೆ ಕೈಕೊಟ್ಟಿತ್ತು. ಆದರೂ ತೆರೆದರು.

ಅಕ್ಟೋಬರ್ 24ರಂದು ಗುತ್ತಿಗೆದಾರರು ಸಂಸತ್ ಸಮಿತಿಯ ಮುಂದೆ ಕೂತರು. ಇಡೀ ವ್ಯವಸ್ಥೆಯನ್ನು ಒಟ್ಟಿಗೆ ಪರೀಕ್ಷಿಸಿದ್ದು ಕೊನೆಯ ಎರಡು ವಾರಗಳಲ್ಲಿ, ಅದಕ್ಕೆ ತಿಂಗಳುಗಳೇ ಬೇಕಿತ್ತು ಎಂದು ಒಪ್ಪಿಕೊಂಡರು. ಹಾಗಾದರೆ ಮುಂದೂಡಿ ಎಂದು ಏಕೆ ಹೇಳಲಿಲ್ಲ? ಅದನ್ನು ಹೇಳುವುದು ನಮ್ಮ ಸ್ಥಾನವಲ್ಲ ಎಂಬರ್ಥದ ಉತ್ತರ ಬಂತು.

ಈ ಉತ್ತರ ನನ್ನನ್ನು ಇಂದಿಗೂ ಕಾಡುತ್ತದೆ. ಅದರಲ್ಲಿ ಸುಳ್ಳಿಲ್ಲ; ಒಪ್ಪಂದದ ಪ್ರಕಾರ ಅದು ಸರಿಯೇ. ಆದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನಷ್ಟೇ ಕಾಯುತ್ತ ಕೂತರೆ, ಎರಡು ಪಾಲುಗಳು ಕೂಡುವ ಜಾಗಕ್ಕೆ ಯಾರೂ ದಿಕ್ಕಿರುವುದಿಲ್ಲ. ತಾಣ ಮುರಿದದ್ದು ಅಲ್ಲೇ. ವಿಮೆಯಿಲ್ಲದೆ ಕಾಯಿಲೆಯ ಭಯದಲ್ಲಿ ಬದುಕುತ್ತಿದ್ದವರು ವಾರಗಟ್ಟಲೆ ಪರದಾಡಿದರು.

ದೋಷವನ್ನು ಡೆಡ್‌ಲೈನಿನ ತಲೆಗೆ ಕಟ್ಟುವುದು ಸುಲಭ. ನಾನು ಒಪ್ಪುವುದಿಲ್ಲ. ಏಕೆಂದರೆ ದುರಸ್ತಿಗೂ ಅಷ್ಟೇ ಕಠಿಣ ಗಡುವು ಇತ್ತು: ನವೆಂಬರ್ 30. ಕೋಡ್ ಬಹುಪಾಲು ಹಳೆಯದೇ, ಎಂಜಿನಿಯರುಗಳಲ್ಲೂ ಬಹಳಷ್ಟು ಜನ ಹಳಬರೇ. ಬದಲಾದದ್ದು ನಡವಳಿಕೆ. ಡೇಟಾ ಹಬ್ ಕಟ್ಟಿದ್ದ ಸಂಸ್ಥೆಗೆ ಜೋಡಣೆಯ ಪೂರ್ತಿ ಹೊಣೆ ಒಪ್ಪಿಸಿದರು. ಗೂಗಲ್‌ನಿಂದ ಬಂದ ಮೈಕಿ ಡಿಕರ್ಸನ್ ಪ್ರತಿದಿನ ಸಭೆ ಕರೆದು ನಿಯಮ ಹಾಕಿದರು: ಇಲ್ಲಿ ಸಮಸ್ಯೆ ಬಿಡಿಸುವ ಮಾತಷ್ಟೇ, ತಪ್ಪು ಹೊರಿಸುವವರು ಬೇರೆ ಜಾಗ ನೋಡಿಕೊಳ್ಳಲಿ, ಮಾತಾಡಬೇಕಾದವರು ವಿಷಯ ಚೆನ್ನಾಗಿ ಬಲ್ಲವರು, ಹುದ್ದೆಯಲ್ಲಿ ದೊಡ್ಡವರಲ್ಲ, ಮುಂದಿನ ಒಂದೆರಡು ದಿನಗಳಲ್ಲಿ ಕಾಡುವ ತೊಂದರೆಗೇ ಮೊದಲ ಗಮನ. ತಾಣ ನಿಧಾನವಾದಾಗ ಎಲ್ಲಿ ನಿಧಾನವೆಂದು ತೋರಿಸುವ ಉಪಕರಣವೂ ಆಗಷ್ಟೇ ಬಂತು. ಅಲ್ಲಿಯವರೆಗೆ ಅದಿಲ್ಲದೆಯೇ ದುಡಿದಿದ್ದರು! ಡಿಸೆಂಬರ್ 1ರ ಹೊತ್ತಿಗೆ ಏಕಕಾಲಕ್ಕೆ 50,000 ಜನರನ್ನು ತಾಳುವ ಶಕ್ತಿ ತಾಣಕ್ಕೆ ಬಂದಿದೆಯೆಂದು ಸರ್ಕಾರ ಹೇಳಿತು. 2014ರ ಏಪ್ರಿಲ್ ವೇಳೆಗೆ, ರಾಜ್ಯಗಳದೇ ತಾಣಗಳೂ ಸೇರಿ, ನೋಂದಾಯಿಸಿದವರು 80 ಲಕ್ಷ.

ಬೆಂಗಳೂರಿನಲ್ಲಿ ಟೀಮ್ ನಡೆಸುವ ಓದುಗರಲ್ಲಿ ಒಂದು ವಿನಂತಿ. ಮುಂದಿನ ರಿಲೀಸ್‌ಗೆ ಮುಂಚೆ ನಿಮ್ಮ ಟೆಸ್ಟರ್ ಒಬ್ಬರನ್ನು ಪಕ್ಕಕ್ಕೆ ಕರೆದು, "ಆ ದಿನಕ್ಕೆ ಇದು ನಿಜವಾಗಿ ಆಗುತ್ತಾ?" ಎಂದು ಕೇಳಿ. "ಆಗಲ್ಲ" ಎಂದರೆ ಆ ಮಾತನ್ನು ಗಡುವು ಕೊಟ್ಟವರ ತನಕ ನೀವೇ ಮುಟ್ಟಿಸಿ. ಅಪ್ರೈಸಲ್‌ನಲ್ಲಿ ಅದನ್ನು ಅವರ ವಿರುದ್ಧ ಎತ್ತಬೇಡಿ.