ದಂಡೆಯೊಂದು, ಕತೆ ಹಲವು

ಹಲವರ ಒಳಿತಿಗಾಗಿ ಒಬ್ಬರನ್ನು ಬಲಿಕೊಡುವುದು ಸರಿಯೇ? ಈ ಪ್ರಶ್ನೆಯನ್ನು ನಮ್ಮ ಜನಪದರು ಬಹಳ ಹಿಂದೆಯೇ ಒಂದು ಕೆರೆಯ ದಂಡೆಯ ಮೇಲೆ ನಿಂತು ಕೇಳಿದ್ದಾರೆ. ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ.

ಗೀತೆ ಚಿಕ್ಕದು. ಆದರೂ ಒಂದು ಕಿರುನಾಟಕಕ್ಕೆ ಸಾಕಾಗುವಷ್ಟು ಕತೆಗಳು ಅದರಲ್ಲಿ ಒಂದೇ ನೀರಿನ ಸುತ್ತ ಹೆಣೆದುಕೊಂಡಿವೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರಲಿಲ್ಲ. ಕೆರೆ ಬಲಿ ಕೇಳುತ್ತಿದೆ ಎಂದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು? ಕಿರಿಯಳಾದ ಭಾಗೀರಥಿಯೇ ಆಗಲಿ ಎಂದು ತೀರ್ಮಾನವಾಯಿತು. ಇದು ಗೌಡನ ಕತೆ. ತವರಿಗೆ ಹೋದ ಭಾಗೀರಥಿ ಹೆತ್ತವರಿಂದ ಸತ್ಯ ಮುಚ್ಚಿಟ್ಟು ಗೆಳತಿಗೆ ಮಾತ್ರ ಹೇಳುತ್ತಾಳೆ. ಗೆಳತಿ ಹೊಂದಿಕೊಂಡು ಹೋಗು ಎನ್ನುತ್ತಾಳೆ. ಇದು ಇಬ್ಬರು ಹೆಣ್ಣುಮಕ್ಕಳ ಕತೆ. ಕೊನೆಗೆ ದಂಡಿಗೆ ಹೋಗಿದ್ದ ಗಂಡ ಮರಳಿ ಬಂದು, ಮನೆ ಮನೆ ಹುಡುಕಿ, ನಿಜ ತಿಳಿದು ತಾನೂ ಅದೇ ಕೆರೆಗೆ ಹಾರುತ್ತಾನೆ.

ಗೌಡನ ಕತೆಯೊಂದೇ ಉಳಿದಿದ್ದರೆ ಅದು ಕೆರೆ ಕಟ್ಟಿಸಿದ ಪುಣ್ಯದ ಶಾಸನವಾಗುತ್ತಿತ್ತು. ಉಳಿದವರ ಕತೆಗಳೂ ಅದೇ ದಂಡೆಗೆ ಬಂದು ಸೇರುವುದರಿಂದ ಆ ಪುಣ್ಯದ ಲೆಕ್ಕ ನಮಗೆ ಒಪ್ಪಿಗೆಯಾಗುವುದಿಲ್ಲ. ಬಲಿಗೆ ಆರಿಸಲ್ಪಟ್ಟವಳು ಮನೆಯಲ್ಲಿ ಮಾತು ನಡೆಯದವಳು. ಅವಳನ್ನು ಯಾರೂ ಕೇಳಲೇ ಇಲ್ಲ.

ಇದು ಹಳೆಯ ಕಾಲದ ಕತೆಯೆಂದು ನಾವು ಸುಮ್ಮನಾಗುವಂತಿಲ್ಲ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗ ಹತ್ತಾರು ಊರುಗಳು ಮುಳುಗಿದವು. ನಾರಾಯಣದೇವರಕೆರೆ ಅವುಗಳಲ್ಲೊಂದು. ಅಲ್ಲಿನ ಅನೇಕರು ಪಕ್ಕದ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಕಾಲುವೆಯ ನೀರು ಸಿರುಗುಪ್ಪ, ಗಂಗಾವತಿಗಳ ಗದ್ದೆಗಳನ್ನು ಹಸಿರಾಗಿಸಿತು. ಹಿನ್ನೀರಿನ ಅಂಚಿನ ಹಗರಿಬೊಮ್ಮನಹಳ್ಳಿ, ಹಡಗಲಿಗಳ ರೈತ ನೆಲ ಕಳೆದುಕೊಂಡ. ಅತ್ತ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳವರು ಮುಗಿಲು ನೋಡುತ್ತ ಕುಳಿತರು. ತುಂಗಭದ್ರೆಯ ನೀರಿನಿಂದ ನಮ್ಮ ಕೆರೆಗಳನ್ನು ತುಂಬಿಸಿ ಎಂಬುದು ಅವರ ಬಹುಕಾಲದ ಬೇಡಿಕೆ.

ಹಾಗಾದರೆ ಅಣೆಕಟ್ಟೆಯೇ ಬೇಡವಾಗಿತ್ತೇ? ಹಾಗೆ ಹೇಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಬಾಯಾರಿಕೆಯೂ ಸತ್ಯ, ಅದಕ್ಕೂ ಹಕ್ಕಿದೆ. ಕೆಳಗಿನ ಗದ್ದೆಯ ಕೂಲಿಕಾರನ ಅನ್ನವೂ ಸತ್ಯ. ಎಲ್ಲರಿಗೂ ನೋವಾಗದ ದಾರಿ ಸಿಗದಿರಬಹುದು. ಆದರೆ ತೀರ್ಮಾನ ಸರಿಯಾಗಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲ. ಬೆಲೆ ತೆರುವವರನ್ನು ಮೊದಲೇ ಕೇಳಬೇಕು. ನೀರು ಬಂದ ಮೇಲೆ ಮೊದಲ ಬೊಗಸೆಯ ಹಕ್ಕು ಅವರಿಗಿರಬೇಕು. ಅವರ ತ್ಯಾಗವನ್ನು ಹೊಗಳುವುದು ಇದಕ್ಕೆ ಬದಲಿಯಾಗದು. ತಾನಾಗಿ ಕೊಟ್ಟದ್ದು ತ್ಯಾಗ, ಕೇಳದೆ ಕಿತ್ತುಕೊಂಡದ್ದಕ್ಕೆ ಆ ಹೆಸರು ಸಲ್ಲದು.

ಈ ಸೀಮೆಗೆ ರಂಗಭೂಮಿ ಹೊಸತಲ್ಲ. ಎಂ.ಪಿ. ಪ್ರಕಾಶರು ಹಡಗಲಿಯಲ್ಲಿ ರಂಗಭಾರತಿ ಕಟ್ಟಿದರು. ಮರಿಯಮ್ಮನಹಳ್ಳಿಯಂತೂ ಕಲಾವಿದೆಯರ ಊರೆಂದೇ ಹೆಸರಾಗಿದೆ. ಮುಳುಗಿದ ಊರಿನವನು, ಹಿನ್ನೀರಿನ ಮೀನುಗಾರ, ಕಾಲುವೆಯ ರೈತ, ಒಣ ಕೆರೆಯ ಊರಿನ ಹೆಂಗಸು, ಈ ನಾಲ್ವರನ್ನು ಒಂದೇ ದಂಡೆಗೆ ತಂದು ನಿಲ್ಲಿಸುವ ನಾಟಕಕ್ಕೆ ಇದಕ್ಕಿಂತ ತಕ್ಕ ನೆಲ ಬೇರೆ ಯಾವುದಿದೆ? ಅಂಥ ನಾಟಕದಲ್ಲಿ ಪ್ರತಿಯೊಬ್ಬನೂ ತನ್ನ ಕತೆಗೆ ನಾಯಕ, ಪಕ್ಕದವನ ಕತೆಯಲ್ಲಿ ಬರಿಯ ದಾರಿಹೋಕ. ನಮ್ಮ ಬದುಕೂ ಹಾಗೆಯೇ ಅಲ್ಲವೇ? ನಾವು ದಾರಿಹೋಕರಾಗಿರುವ ಕತೆಯಲ್ಲಿ ಯಾರು ಮುಳುಗುತ್ತಿದ್ದಾರೆಂದು ನೋಡುವ ಕಣ್ಣು ಬಂದರೆ, ನ್ಯಾಯದ ಮೊದಲ ಪಾಠ ಕಲಿತಂತೆ.