ಹುಟ್ಟಿನಿಂದಲೇ ಯಾರಾದರೂ ಕೊಲೆಗಾರರೇ?

ಇಂದಿನ ಚಿಂತನೆ.

ರಕ್ತ ಪರೀಕ್ಷೆ ಮಾಡಿಸಿದಾಗ ಕೊಡುವ ರಿಪೋರ್ಟಿನಲ್ಲಿ ‘ಲಿಂಫೋಸೈಟ್’ ಎಂಬ ಸಾಲೊಂದು ಇರುತ್ತದೆ. ಅವು ಒಂದು ಬಗೆಯ ಬಿಳಿ ರಕ್ತಕಣಗಳು. ಅವುಗಳಲ್ಲಿ ನೂರಕ್ಕೆ ಸುಮಾರು 5ರಿಂದ 15ರಷ್ಟು ಕಣಗಳ ಹೆಸರು ‘ನ್ಯಾಚುರಲ್ ಕಿಲ್ಲರ್’, ಅಂದರೆ ಹುಟ್ಟು ಕೊಲೆಗಾರ. 1975ರಲ್ಲಿ ಸ್ವೀಡನ್ನಿನ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹ್ಯಾನ್ಸ್ ವಿಗ್ಸೆಲ್ ಇಲಿಗಳಲ್ಲಿ ಇವುಗಳ ಕೆಲಸ ಕಂಡರು. ಹಿಂದೆಂದೂ ಎದುರಾಗದ ಕ್ಯಾನ್ಸರ್ ಕೋಶಗಳನ್ನೂ ಇವು ಕೊಲ್ಲುತ್ತಿದ್ದವು. ಯಾರೂ ಕಲಿಸದೆ ಕೊಲ್ಲುತ್ತವೆ, ಹಾಗಾದರೆ ಇದು ಹುಟ್ಟುಗುಣ ಎಂದುಕೊಂಡು ಈ ಹೆಸರು ಬಂತು.

ಹುಟ್ಟುಗುಣ ಎಂಬ ಮಾತು ಕೇಳಿದೊಡನೆ ನಾವು ಎಚ್ಚರವಾಗಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಗಾದೆಯ ಪೆಟ್ಟು ತಿಂದವರು ನಾವು. 1871ರಲ್ಲಿ ಬ್ರಿಟಿಷ್ ಸರ್ಕಾರ ‘ಕ್ರಿಮಿನಲ್ ಟ್ರೈಬ್ಸ್’ ಕಾಯ್ದೆ ತಂದು, ಕೆಲವು ಸಮುದಾಯಗಳಿಗೆ ಹುಟ್ಟು ಅಪರಾಧಿಗಳು ಎಂಬ ಮುದ್ರೆ ಒತ್ತಿತು. ಮುಂದೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಕೊಟ್ಟೂರು ಆಗ ಬಳ್ಳಾರಿ ಜಿಲ್ಲೆಯೊಂದಿಗೆ ಅದೇ ಪ್ರಾಂತ್ಯದಲ್ಲಿತ್ತು. ಕೊರವರೇ ಮೊದಲಾದವರು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ದೇಶಮಟ್ಟದಲ್ಲಿ ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕಾಯ್ದೆ ಹೋಯಿತು, ಮಾತು ಉಳಿಯಿತು.

ಈಗ ಆ ಕಣದ ಕಡೆ ತಿರುಗೋಣ. 1975ರ ನಂತರ ಅದರ ಬಗ್ಗೆ ತಿಳಿದದ್ದೇನು?

ಮೊದಲನೆಯದು, ಅದು ಕೊಲೆಗಾರನಾಗಿ ಹುಟ್ಟುವುದಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ, ಮುಂದೆ ಯಾವ ಬಗೆಯ ರಕ್ತಕಣವಾದರೂ ಆಗಬಲ್ಲ ಮೂಲಕೋಶದಿಂದ ಅದರ ಹಾದಿ ಶುರು. ಹಂತಹಂತವಾಗಿ ಅದು ಬಲಿಯುತ್ತದೆ.

ಎರಡನೆಯದು, ಅದು ತನ್ನಷ್ಟಕ್ಕೆ ಬದುಕಲಾರದು. ‘ಇಂಟರ್‌ಲ್ಯೂಕಿನ್-15’ ಎಂಬ ಪ್ರೊಟೀನ್ ಅದಕ್ಕೆ ಬೇಕೇ ಬೇಕು. ಅದನ್ನು ಪಕ್ಕದ ಕೋಶಗಳು ತಮ್ಮ ಮೈಮೇಲೆ ಹಿಡಿದು, ತುತ್ತು ಕೊಟ್ಟ ಹಾಗೆ ಕೊಡುತ್ತವೆ. ಆ ತುತ್ತು ನಿಂತರೆ ಕಣ ಸಾಯುತ್ತದೆ. ಸಿಕ್ಕರೂ ರಕ್ತದಲ್ಲಿ ಅದರ ಆಯಸ್ಸು ಸುಮಾರು ಎರಡು ವಾರ.

ಮೂರನೆಯದು, ಅದು ಕಲಿಯುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳ ಮೇಲೂ ಒಂದು ಗುರುತು ಇರುತ್ತದೆ. ಬಲಿಯುವಾಗ ಆ ಗುರುತನ್ನು ಮುಟ್ಟಿ, ಕೈ ತಡೆಯುವುದನ್ನು ಕಲಿತ ಕಣವೇ ಮುಂದೆ ಚುರುಕಾಗಿ ಕೆಲಸ ಮಾಡುತ್ತದೆ. ಆ ಪಾಠ ಸಿಗದ ಕಣ ಮಂಕಾಗಿ ಉಳಿಯುತ್ತದೆ. ವೈರಸ್ ಹೊಕ್ಕ ಅಥವಾ ಕ್ಯಾನ್ಸರ್ ಆದ ಕೋಶ ಗುರುತು ಕಳೆದುಕೊಂಡು, ಜೊತೆಗೆ ರೋಗದ ಸೂಚನೆ ತೋರಿಸಿದಾಗ ಅದರ ಪೆಟ್ಟು ಬೀಳುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮವರು, ಹೊರಗಿನವರು ಎಂದು ಗುರುತು ನೋಡುವುದು ಜಾತಿಯ ಹಾಗೇ ಆಯಿತಲ್ಲ? ಪ್ರಕೃತಿಯೇ ಹಾಗಿದೆ ಎಂದು ಯಾರಾದರೂ ವಾದಿಸಿದರೆ? ಅವರಿಗೆ ಬಸುರಿಯ ಗರ್ಭಕೋಶವನ್ನು ತೋರಿಸಬೇಕು. ಮಗುವಿನಲ್ಲಿ ಅರ್ಧ ತಂದೆಯದು, ತಾಯಿಯ ದೇಹಕ್ಕೆ ಅದು ಹೊರಗಿನದೇ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ರೋಗನಿರೋಧಕ ಕಣಗಳಲ್ಲಿ ಅರ್ಧಕ್ಕೂ ಹೆಚ್ಚು ಈ ‘ಕೊಲೆಗಾರ’ರ ಬಗೆಯವೇ. ಅಲ್ಲಿ ಅವು ಮಗುವನ್ನು ಕೊಲ್ಲುವುದಿಲ್ಲ. ತಾಯಿಯ ರಕ್ತನಾಳಗಳು ಅಗಲವಾಗಲು ನೆರವಾಗಿ, ಕೂಸಿಗೆ ರಕ್ತ ತಲುಪುವ ದಾರಿ ಮಾಡುತ್ತವೆ. ಜಾಗ ಬೇರೆ, ಕಾರಣಗಳು ಬೇರೆ, ಕೆಲಸವೂ ಬೇರೆ.

ಹಾಗೆಂದು ದೇಹವನ್ನು ನೋಡಿ ಸಮಾಜದ ನಿಯಮ ಬರೆಯಲು ಹೋಗಬಾರದು. ಮುಖದಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಎಂಬ ಪುರುಷಸೂಕ್ತವೂ ದೇಹದ ಹೋಲಿಕೆಯೇ. ಅದನ್ನು ಬಾಬಾಸಾಹೇಬರು 1946ರ ‘ಶೂದ್ರರು ಯಾರು?’ ಗ್ರಂಥದಲ್ಲಿ ಬಿಡಿಬಿಡಿಯಾಗಿ ಪರಿಶೀಲಿಸಿದ್ದಾರೆ. ಹೇಗೆ ಬಾಳಬೇಕು ಎಂಬುದನ್ನು ರಕ್ತಕಣ ಹೇಳಲಾರದು, ಅದನ್ನು ನಾವೇ ವಿಚಾರಮಾಡಿ ಆರಿಸಿಕೊಳ್ಳಬೇಕು. ಆದರೆ ಪ್ರಕೃತಿಯ ಹೆಸರಿನಲ್ಲಿ ಹೇಳುವ ಸುಳ್ಳಿಗೆ ಪ್ರಕೃತಿಯೇ ಸಾಕ್ಷಿ ನುಡಿಯದಿದ್ದರೆ, ಆ ಮಾತನ್ನು ನಾವು ಎತ್ತಿ ತೋರಿಸಬಹುದು. ಕಾರಣಗಳಿದ್ದರೆ ಇದು ಆಗುತ್ತದೆ, ಕಾರಣಗಳಿಲ್ಲದಿದ್ದರೆ ಆಗುವುದಿಲ್ಲ: ಬುದ್ಧರು ಕಂಡ ಪ್ರತೀತ್ಯ ಸಮುತ್ಪಾದ ಒಂದು ಕಣಕ್ಕೂ ಸಲ್ಲುತ್ತದೆ.

ಅಂಗುಲಿಮಾಲನನ್ನು ನೆನೆಯೋಣ. ಊರೆಲ್ಲ ಕೊಲೆಗಾರ ಎಂದ ಅವನ ಎದುರಿಗೆ ಬುದ್ಧರು ಒಬ್ಬರೇ ನಡೆದು ಹೋದರು. ಅವನು ಮಾಡಿದ್ದನ್ನು ಅವರು ಮುಚ್ಚಲಿಲ್ಲ, ಅದನ್ನೇ ಅವನ ಸ್ವಭಾವವೆಂದೂ ಒಪ್ಪಲಿಲ್ಲ. ಸಂಘದಲ್ಲಿ ಜಾಗ ಕೊಟ್ಟರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಕಥೆಯನ್ನು ಸೇರಿಸಿದ್ದಾರೆ.

ಕೊನೆಗೆ ನಮ್ಮ ಮನೆಯ ಮಾತು. ಹುಟ್ಟುಗುಣ ಎಂಬ ಮಾತನ್ನು ಮೇಲ್ಜಾತಿಯವರು ಮಾತ್ರ ಆಡುವುದಿಲ್ಲ. ಶಾಲೆ ಬಿಟ್ಟ ಹುಡುಗನಿಗೆ, ಕುಡಿತ ಹಿಡಿದ ತಮ್ಮನಿಗೆ, ಎದುರು ಮಾತಾಡುವ ಸೊಸೆಗೆ ನಾವೂ ಆಡುತ್ತೇವೆ. ಹಾಗೆ ಅಂದರೆ ನಮ್ಮ ಹೊಣೆ ಮುಗಿಯಿತಲ್ಲ! ಅವರ ಬದುಕಿಗೆ ದಿನವೂ ಬೇಕಾದ ತುತ್ತು ಯಾವುದು, ಅದನ್ನು ಕೊಡುವ ನೆರೆಯವರು ಯಾರು ಎಂದು ಕೇಳಿದರೆ ಹೊಣೆ ನಮ್ಮ ಬಾಗಿಲಿಗೆ ಬರುತ್ತದೆ.

ಇಂದು ಒಂದು ದಿನ ಆ ಮಾತು ಆಡದೆ ಇರೋಣ. ಯಾರ ಬಗ್ಗೆ ಅದು ನಾಲಿಗೆ ತುದಿಗೆ ಬರುತ್ತದೋ, ಸಂಜೆ ಅವರ ಮನೆಗೆ ಹೋಗಿ ಮಾತಾಡಿಸಿ ಬರೋಣ.

ನಮೋ ಬುದ್ಧಾಯ. ಜೈ ಭೀಮ್.